ಬ್ಯಾಟರಿಗೆ ಹೊದಿಸಿದ ಕಂಬಳಿ

ಬ್ಯಾಟರಿಗೆ ಚಳಿಯಾಗಬಾರದೆಂದು ಗುರುವಯ್ಯ ಅದಕ್ಕೆ ಕಂಬಳಿ ಹೊದಿಸಿದಾಗ ಸಂಜೆ ಆರೂವರೆ. ಜನವರಿ ಕೊನೆ, ಅತ್ತಿಗುಂಡಿಯ ಚಳಿ ಎಸ್ಟೇಟ್ ಆಳುಗಳ ಲೈನ್ ಮನೆಯ ಹೆಂಚಿನ ಸಂದಿಯಿಂದ ಆಗಲೇ ಒಳಗೆ ಇಳಿಯುತ್ತಿತ್ತು. ಮನೆಯಲ್ಲಿ ಇದ್ದುದು ಒಂದೇ ಕಂಬಳಿ. ಅದನ್ನು ನಾಲ್ಕು ಮಡಿಕೆ ಮಾಡಿ, ಚಾರ್ಜಿಗೆ ಹಾಕಿದ್ದ ಬ್ಯಾಟರಿಯ ಸುತ್ತ ಗಾಳಿಯಾಡದಂತೆ ಸಿಕ್ಕಿಸಿ, ಇಡೀ ಗಂಟನ್ನು ಒಲೆಯ ಪಕ್ಕಕ್ಕೆ ಸರಿಸಿದ. ಎಳೆಗರುವನ್ನೂ ಅವನು ಇಷ್ಟು ಜೋಪಾನ ಮಾಡಿದ್ದಿಲ್ಲ.

“ಮದ್ವೆ ಆಗಿ ನಲವತ್ತು ವರ್ಷ ಆಯ್ತು, ನಂಗೊಂದಿನ ಹಿಂಗೆ ಹೊದ್ಸಿದ್ದು ಕಾಣೆ,” ಎಂದಳು ಹೆಂಡತಿ ಭಾಗಮ್ಮ, ಒಲೆಗೆ ಕಟ್ಟಿಗೆ ದೂಡುತ್ತ.

“ನಿನ್ನ ಚಾರ್ಜಿಗೆ ಹಾಕ್ಬೇಕಾ? ಚಳೀಲಿ ಚಾರ್ಜ್ ಮಾಡ್ಬಾರ್ದು ಅಂತ ರೈಟ್ರು ಕಾಗ್ದ ಓದಿ ಹೇಳಿದಾರೆ.”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅಜಿತ್ ಹೇಳಿದ್ದು ನಿಜ. ಹದಿನೈದು ದಿನದ ಹಿಂದೆ ಕಾಫಿ ಗಿಡದ ಕೊಂಬೆ ಸವರುವ ಬ್ಯಾಟರಿ ಕತ್ತರಿ ಎಸ್ಟೇಟಿಗೆ ಬಂದಾಗ, ಪೆಟ್ಟಿಗೆಯಲ್ಲಿದ್ದ ಕಾಗದವನ್ನು ಅವನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ್ದ. ನೀರು ತಾಗಿಸಬಾರದು, ಎತ್ತಿ ಹಾಕಬಾರದು, ಚಾರ್ಜಾಗುವಾಗ ಮುಚ್ಚಬಾರದು, ಬೆಂಕಿಯ ಹತ್ತಿರ ಇಡಬಾರದು, ವಿಪರೀತ ಚಳಿಯಲ್ಲಿ ಚಾರ್ಜ್ ಮಾಡಬಾರದು. ಅಷ್ಟೂ ಬಾರದುಗಳಲ್ಲಿ ಗುರುವಯ್ಯನ ತಲೆಗೆ ಹತ್ತಿದ್ದು ಕೊನೆಯದೊಂದೇ, ಯಾಕೆಂದರೆ ಚಳಿಯ ಪರಿಚಯ ಅವನಿಗೆ ಚೆನ್ನಾಗಿತ್ತು. ಕಾಗದ ಬರೆದವರು ಹೇಳಿದ್ದು ನೀರು ಹೆಪ್ಪುಗಟ್ಟುವಂಥ ಚಳಿ ಎಂಬುದು ಅವನಿಗೇನು ಗೊತ್ತು.

ಕೊಂಬೆ ಸವರುವುದರಲ್ಲಿ ಗುರುವಯ್ಯನದು ಎತ್ತಿದ ಕೈ. ಯಾವ ರೆಂಬೆ ಉಳಿಯಬೇಕು, ಯಾವುದು ಹೋಗಬೇಕು ಎಂದು ಗಿಡವನ್ನು ಒಂದು ಸಲ ನೋಡಿ ಹೇಳಬಲ್ಲ. ಆದರೆ ಹೋದ ವರ್ಷದಿಂದ ಅವನ ಬಲಗೈಯ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕೈಕತ್ತರಿ ಒತ್ತಿದರೆ ಮೊಣಕೈವರೆಗೆ ಜೀವ ಹೋದಂತಾಗುತ್ತಿತ್ತು. ಇದು ಭಾಗಮ್ಮನಿಗಲ್ಲದೆ ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲವೆಂದು ಅವನ ನಂಬಿಕೆ. ಗೊತ್ತಾದರೆ ಗಿಡದ ಕೆಲಸ ಬಿಡಿಸಿ, ಕಣದಲ್ಲಿ ಒಣಹಾಕಿದ ಕಾಫಿ ಕಾಯಲು ಕೂರಿಸುತ್ತಾರೆಂಬ ಭಯ. ಬ್ಯಾಟರಿ ಕತ್ತರಿಗೆ ಒಂದು ಬೆರಳು ಸೋಕಿಸಿದರೆ ಸಾಕು. ಅದು ಇದ್ದರೆ ಅವನು ಗುರುವಯ್ಯ, ಇಲ್ಲದಿದ್ದರೆ ಕಣದಲ್ಲಿ ದನ ಓಡಿಸುವ ಮುದುಕ.

ಅರ್ಧ ಗಂಟೆ ಕಳೆಯುವುದರೊಳಗೆ ಮನೆಯೆಲ್ಲ ಪೇಂಟಿನಂಥ ಸಿಹಿ ವಾಸನೆ. ಭಾಗಮ್ಮ ಕಂಬಳಿಯ ಮೇಲೆ ಕೈಯಿಟ್ಟು ಚಟ್ಟನೆ ಹಿಂದೆಳೆದಳು.

“ಇದಕ್ಕೆ ಜ್ವರ ಬಂದಿದೆ. ಮೊದ್ಲು ವೈರ್ ಕೀಳಿ.”

“ಫುಲ್ ಆಗ್ದೆ ಕಿತ್ರೆ ನಾಳೆ ಮಧ್ಯಾಹ್ನಕ್ಕೇ ನಿಂತ್ಹೋಗುತ್ತೆ. ಇನ್ನೊಂಚೂರು ಇರ್ಲಿ.”

ಭಾಗಮ್ಮ ಸ್ವಿಚ್ ಆರಿಸಿ, ಕಂಬಳಿ ಎಳೆದು ಆಚೆ ಎಸೆದಳು. ಬ್ಯಾಟರಿಯ ಡಬ್ಬಿ ಪೂರಿಯ ಹಾಗೆ ಉಬ್ಬಿತ್ತು. ಗುರುವಯ್ಯ ಹೆದರಿದ. ಮನೆಗೆ ಬೆಂಕಿ ಬಿದ್ದೀತೆಂದು ಅಲ್ಲ, ನಾಳೆಯಿಂದ ತನ್ನ ಗತಿಯೇನೆಂದು. ಅಷ್ಟರಲ್ಲಿ ಅವಳು ಅಜಿತನಿಗೆ ಫೋನ್ ಮಾಡಿಯೂ ಆಗಿತ್ತು.

“ಹೊಗೆ ಬರ್ತಿದ್ಯಾ?” ಎಂದು ಕೇಳಿದ ಅಜಿತ್.

“ಇಲ್ಲ ರೈಟ್ರೇ, ಬರೀ ವಾಸ್ನೆ.”

“ಕೈಯಲ್ಲಿ ಮುಟ್ಬೇಡಿ. ಸಲಿಕೆ ಮೇಲೆ ಮೆತ್ತಗೆ ಜಾರಿಸ್ಕೊಂಡು ಬಯಲಲ್ಲಿಟ್ಟು ದೂರ ನಿಲ್ಲಿ. ಹೊಗೆ ಬಂತು ಅಂದ್ರೆ ಅಲ್ಲೇ ಬಿಟ್ಟು ಆಚೆ ಓಡಿ. ನಾನು ಬಂದೆ.”

ಅವನು ಬೈಕಿನಲ್ಲಿ ಬಂದಾಗ ಬ್ಯಾಟರಿ ಅಂಗಳದ ನಡುವೆ ಬರೀ ಮೈಯಲ್ಲಿ ಇಬ್ಬನಿಗೆ ಬಿದ್ದಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಗಂಡ ಹೆಂಡತಿ, ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳಂತೆ ನಿಂತಿದ್ದರು.

“ಇದರ ಕತೆ ಮುಗೀತು. ಉಬ್ಬಿದ್ದನ್ನ ಮತ್ತೆ ಚಾರ್ಜಿಗೆ ಹಾಕೋ ಹಾಗಿಲ್ಲ,” ಎಂದ ಅಜಿತ್, ದೂರದಿಂದಲೇ ಟಾರ್ಚ್ ಬಿಟ್ಟು ನೋಡಿ. “ಬೆಳಿಗ್ಗೆವರೆಗೆ ಯಾರೂ ಹತ್ರ ಹೋಗ್ಬೇಡಿ. ಅಲ್ಲ ಮಾರಾಯ್ರೇ, ಮುಚ್ಚಿದ್ದು ಯಾಕೆ?”

“ಚಳಿ ಆಗ್ಬಾರ್ದು ಅಂದಿದ್ರಲ್ಲ.”

ಅಜಿತ್ ನಗು ತಡೆಯಲು ಗಡ್ಡ ಕೆರೆದುಕೊಂಡ. “ಹೊಸ ಬ್ಯಾಟರಿ ಬರೋಕೆ ಎಂಟು ದಿನ ಬೇಕು.”

“ಅಲ್ಲೀತನಕ ಕೈಕತ್ತರೀಲೇ ಮಾಡ್ತೀನಿ. ನಂಗೇನು ಹೊಸ್ದಾ,” ಎಂದ ಗುರುವಯ್ಯ. ಮಾತು ಜೋರಾಗಿಯೇ ಬಂತು. ಭಾಗಮ್ಮ ನೆಲ ನೋಡಿದಳು.

“ಬೇಡ. ಯಾವ ಕೊಂಬೆ ತೆಗೀಬೇಕು ಅಂತ ನೀವು ಕೋಲಲ್ಲಿ ತೋರ್ಸಿ, ಉಳಿದವ್ರು ಕಡೀತಾರೆ. ಬ್ಯಾಟರಿ ಬಂದ್ಮೇಲೆ ಮತ್ತೆ ನೀವೇ ಕಡೀರಿ. ಚಾರ್ಜ್ ಮಾತ್ರ ಆಫೀಸಲ್ಲಿ, ಸಿಮೆಂಟ್ ನೆಲದ ಮೇಲೆ, ನನ್ನ ಕಣ್ಣೆದುರಿಗೆ.”

“ಕೋಲು ಯಾಕೆ? ನನ್ನ ಕೈಗೇನಾಗಿದೆ?”

“ಹನ್ನೆರಡು ಆಳಿನ ಗ್ಯಾಂಗಿಗೆ ಒಂದೇ ಒಂದು ಬ್ಯಾಟರಿ ಕತ್ತರಿ ಯಾಕೆ ತರ್ಸಿದೆ ಅಂತ ಒಂದಿನಾನಾದ್ರೂ ಕೇಳಿದ್ರಾ ಗುರುವಯ್ಯ?”

ಗುರುವಯ್ಯ ಹೆಂಡತಿಯ ಕಡೆ ತಿರುಗಿದ. ತಾನು ಹೇಳಿದ್ದಲ್ಲವೆಂದು ಅವಳು ತಲೆಯಾಡಿಸಿದಳು. ಒಂದು ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಭಾರ ಇಳಿದು ಅವನಿಗೆ ಅಳುವೇ ಬಂದಂತಾಯಿತು, ಜೊತೆಗೆ ವಿಪರೀತ ನಾಚಿಕೆಯೂ.

“ಇದು ಇನ್ಯಾರಿಗೆ ಗೊತ್ತು ರೈಟ್ರೇ?” ಎಂದ ಮೆಲ್ಲಗೆ.

“ಗ್ಯಾಂಗಿಗೆಲ್ಲ ಗೊತ್ತು,” ಎಂದ ಅಜಿತ್ ಬೈಕ್ ಹತ್ತುತ್ತ. “ನಮಗೆ ಗೊತ್ತಿದೆ ಅನ್ನೋದು ನಿಮಗೊಬ್ರಿಗೆ ಗೊತ್ತಾಗ್ಬಾರ್ದು ಅಂತಿದ್ವಿ.”