ಮೇಕೆಯ ಎರಡು ಮೂಳೆ

ಮೂಳೆಗಳ ವಿಷಯ ಹೇಳುವಷ್ಟು ಓದು ನನ್ನದಲ್ಲ. ಸಂಜೆ ಕಾಲೇಜಿನಲ್ಲಿ ಅಷ್ಟಿಷ್ಟು ಕಲಿತವನು. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೂ ಹೇಳದೆ ಇರಲಾಗುತ್ತಿಲ್ಲ.

ಕಾಂತರಾಜು ನಾಲ್ಕನೇ ಸಲ ಗಾಜಿನ ಬೀರುವಿನೊಳಗೆ ತಲೆ ತೂರಿಸಿದ. ನೆಲಮಂಗಲದ ಒಂದು ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಅವನು ಸಹಾಯಕ. ಪಾಠ ಮಾಡುವವರ ಹುದ್ದೆ ಖಾಲಿ. ಬೀರುವಿನಲ್ಲಿ ನಿಂತಿದ್ದ ಮೇಕೆಯ ಅಸ್ಥಿಪಂಜರದಲ್ಲಿ ತಲೆಬುರುಡೆ ಇತ್ತು, ಹದಿಮೂರು ಜೊತೆ ಪಕ್ಕೆಲುಬು ಇದ್ದವು, ಬಾಲದ ತುದಿಯ ಕಡಲೆಕಾಳಿನಷ್ಟು ಮೂಳೆಯೂ ಇತ್ತು. ಕೊರಳೆಲುಬು ಎರಡು ಮಾತ್ರ ಇಲ್ಲ. ಕತ್ತಿನ ಬುಡದಲ್ಲಿ, ಭುಜದಿಂದ ಎದೆಗೆ ಅಡ್ಡ ಬರುವ ಮೂಳೆಗಳು.

ವರ್ಷಕ್ಕೊಮ್ಮೆ ಎಣಿಸಿ ಗುರುತು ಹಾಕುವ ದಾಸ್ತಾನು ಪುಸ್ತಕವನ್ನು ಮತ್ತೆ ತೆರೆದ. ಮೊದಲ ಪುಟ ಮೂಲೆಯಲ್ಲಿ ತೂಗುವ ಮನುಷ್ಯನ ಅಸ್ಥಿಪಂಜರದ್ದು, ಎರಡನೆಯದು ಮೇಕೆಯದು. ಒಂದೇ ಕೈಬರಹ, ಒಂದೇ ಕ್ರಮ. ಮೇಕೆಗೆ ಬಾಲವನ್ನು ಕೊನೆಯಲ್ಲಿ ಸೇರಿಸಿದ್ದರು. 'ಕೊರಳೆಲುಬು ೨' ಎಂಬುದರ ಮುಂದೆ ಹನ್ನೊಂದು ವರ್ಷದ ಹನ್ನೊಂದು ಗುರುತು. ಕೊನೆಯದು ಹೋದ ಮಾರ್ಚಿನದು, ಅವನದೇ.

ಆಮೇಲೆ ಬೀರು ಮುಟ್ಟಿದವರು ಇಬ್ಬರೇ. ಅವನು, ಮತ್ತು ಎಂಟು ತಿಂಗಳಿಂದ ಗುತ್ತಿಗೆ ಮೇಲೆ ಕಸ ಗುಡಿಸುವ ಅಶ್ವತ್ಥಮ್ಮ.

"ಮಾಟಗೀಟಕ್ಕೆ ಅಂತ ಯಾರಾದ್ರೂ ಕೇಳಿದ್ರೇನಮ್ಮ? ಹೇಳ್ಬಿಡಿ."

"ಮಾಟ ಮಾಡ್ಸೋಳಾಗಿದ್ರೆ ಮೊದ್ಲು ನಮ್ ಕಂಟ್ರಾಕ್ಟರ್‌ಗೇ ಮಾಡಿಸ್ತಿದ್ದೆ." ಆಕೆ ಪೊರಕೆ ನಿಲ್ಲಿಸಲಿಲ್ಲ. "ಇದ್ದಿದ್ದನ್ನೆಲ್ಲ ಒರೆಸಿ ಅಲ್ಲೇ ಇಟ್ಟಿದ್ದೀನಿ ಸಾರ್. ಇಲ್ಲದ್ದನ್ನ ಎಲ್ಲಿಂದ ತರ್ಲಿ?"

"ಹೋದ್ ವರ್ಷ ಇತ್ತಲ್ಲ. ನಾನೇ ಎಣಿಸಿದ್ದೀನಿ."

"ನೀವು ಎಣಿಸಿದ್ಮೇಲೆ ಇದ್ದೇ ಇರುತ್ತೆ ಬಿಡಿ."

ಅವನಿಗೆ ರೇಗಿತು. ರೇಗಿದ್ದಕ್ಕೆ ನಾಚಿಕೆಯೂ ಆಯಿತು. ಮೇಜುಗಳ ಕೆಳಗೆ, ಸೀಸೆಗಳ ಹಿಂದೆ, ಹಳೆ ಪೆಟ್ಟಿಗೆಗಳಲ್ಲಿ ಹುಡುಕಿದ. ಮೂಳೆಗಳನ್ನು ಬಿಗಿದಿದ್ದ ತಂತಿ ಒಂದೂ ತುಂಡಾಗಿರಲಿಲ್ಲ, ಒಂದೂ ಸಡಿಲವಾಗಿರಲಿಲ್ಲ. ಎಂಥ ನಾಜೂಕಿನ ಕೈ ಎಂದು ಒಳಗೊಳಗೇ ಕುದಿದ.

ವಿಷಯ ತಿಳಿಸಿದಾಗ ಪ್ರಾಂಶುಪಾಲ ದೇವರಾಜ್ ತಲೆ ಎತ್ತದೆ ಹೇಳಿದರು. "ನಾಲ್ಕು ಗಂಟೆಗೆ ದೂರು ನನ್ ಟೇಬಲ್ ಮೇಲಿರ್ಲಿ. ನಾಳೆಯಿಂದ ಆಯಮ್ಮ ಬೇಡ."

ಕಾಂತರಾಜು ದೂರು ಬರೆದ. ಹೊಡೆದುಹಾಕಿದ. ಮತ್ತೆ ಬರೆದ. ಅಶ್ವತ್ಥಮ್ಮನ ಮನೆಯಲ್ಲಿ ದುಡಿಯುವವಳು ಆಕೆಯೊಬ್ಬಳೇ ಎಂಬುದು ಅವನಿಗೆ ಗೊತ್ತಿತ್ತು. ಮೂರು ಗಂಟೆಗೆ, ಪತ್ರವನ್ನು ಜೇಬಿಗಿಟ್ಟುಕೊಂಡು, ಹೆದ್ದಾರಿ ಬದಿಯ ಚಲಪತಿಯ ಮಟನ್ ಅಂಗಡಿಗೆ ನಡೆದ. ಎರಡು ಮೂಳೆ ತಂದು, ಬೇಯಿಸಿ, ಉಜ್ಜಿ, ತಂತಿ ಕಟ್ಟಿಬಿಟ್ಟರೆ ದೂರೇ ಬೇಕಿಲ್ಲ. ಸುಳ್ಳು ಕೆಲಸ. ಇರಲಿ.

"ಯಾವ್ ಮೂಳೆ ಗುರು? ಸೂಪಿಗಾ?"

ಕಾಂತರಾಜು ಅಂಗಿಯ ಮೇಲಿನ ಗುಂಡಿ ಬಿಚ್ಚಿ ತನ್ನ ಕೊರಳ ಬುಡ ತೋರಿಸಿದ. "ಇದು. ಮೇಕೇದು. ಎರಡು."

ಚಲಪತಿ ಅವನನ್ನೇ ನೋಡಿದ. ತನ್ನ ಕೊರಳ ಬುಡವನ್ನೂ ಮುಟ್ಟಿಕೊಂಡ. ಮಚ್ಚು ಬಿಟ್ಟು ಚಾಕು ಹಿಡಿದ. ಕೊಕ್ಕೆಗೆ ನೇತುಹಾಕಿದ್ದ ಮೇಕೆಯ ಮುಂಗಾಲನ್ನು ಆಚೆಗೆಳೆದು ಒಂದು ಸಲ ಚಾಕು ಆಡಿಸಿದ. ಕಾಲು, ಹೆಗಲಿನ ಹಲಗೆಮೂಳೆ ಸಮೇತ, ಸದ್ದಿಲ್ಲದೆ ಕಳಚಿ ಕೈಗೆ ಬಂತು.

"ಎಲ್ಲಾದ್ರೂ ಮೂಳೆ ಅಡ್ಡ ಸಿಕ್ತಾ? ಬರೀ ಮಾಂಸ. ಇಪ್ಪತ್ತು ವರ್ಷದಿಂದ ಕಡೀತಿದ್ದೀನಿ ಕಣಪ್ಪ. ಆ ಮೂಳೆ ನಿಂಗೈತೆ, ನಂಗೈತೆ. ಮೇಕೆಗಿಲ್ಲ. ಯಾವ ಮೇಕೆಗೂ ಇಲ್ಲ."

ಪತ್ರ ಅಲ್ಲೇ ಕಸದ ಬುಟ್ಟಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಅಶ್ವತ್ಥಮ್ಮ ಎಂದಿನಂತೆ ಪೊರಕೆ ಹಿಡಿದು ಬಂದಳು.

ಹೋದ ಮಾರ್ಚಿನಲ್ಲಿ ಕಾಂತರಾಜು ತಾನೇ ಎಣಿಸಿದ ಆ ಎರಡು ಮೂಳೆ ಯಾವುವು ಎಂಬುದು ಮಾತ್ರ ನನಗೆ ಗೊತ್ತಿಲ್ಲ.