ಯಜಮಾನರ ಜೇಬಿಗೊಂದು ಚಾಕು

ಅಂಗಡಿಯವನು ಗಾಜಿನ ಮೇಲೆ ಮೂರು ಮಡಚುವ ಚಾಕುಗಳನ್ನು ಇಟ್ಟ. ಮೂರೂ ದುಬಾರಿಯವು.

"ಯಾರಿಗಕ್ಕಾ?"

"ನಮ್ಮೆಜಮಾನರಿಗೆ. ಜೇಬಲ್ಲಿ ಯಾವಾಗ್ಲೂ ಒಂದು ಇರಲೇಬೇಕು ಅವರಿಗೆ. ಹಳೇದು ಮುರೀತು. ಸಂಜೆಯೊಳಗೆ ಒಳ್ಳೇದೊಂದು ತಂದಿಡು ಅಂದಿದಾರೆ. ಆರಿಸೋದ್ರಲ್ಲಿ ನಾನು ತಪ್ಪೋ ಹಾಗಿಲ್ಲ."

"ಹಾಗಾದ್ರೆ ಕಣ್ಮುಚ್ಕೊಂಡು ಇದು ತಗೊಳ್ಳಿ."

ಅವನು ಮೊದಲನೆಯದರ ಬೆನ್ನನ್ನು ತೋರುಬೆರಳಿನಿಂದ ತಟ್ಟಿದ. ಚಟ್ಟನೆ ಅಲಗು ಹೊರಬಂತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ, ನಾನೇನ್ ಮಾಡ್ತೀನಕ್ಕಾ ನಿಮ್ಗೆ!" ಎಂದು ಅವನು ನಕ್ಕ.

ಅವಳು ನಗಲಿಲ್ಲ. "ಎರಡನೇದು?"

"ಇದಕ್ಕೆ ಹೆಬ್ಬೆರಳೊಂದೇ ಸಾಕು. ಟೈಟಾನಿಯಂ ಹಿಡಿ, ಜೇಬಲ್ಲಿರೋದೇ ಗೊತ್ತಾಗಲ್ಲ."

"ಬೇಡ. ಅದು?"

"ಇದು ನೋಡೋಕೆ ಚಂದ, ಬೀಟೆ ಮರದ ಹಿಡಿ. ಆದ್ರೆ ಎರಡೂ ಕೈ ಬೇಕು. ಉಗುರು ಸಿಕ್ಕಿಸಿ ಎಳೀಬೇಕು."

ಅವನು ಎಳೆದ. ಉಗುರು ಜಾರಿತು. ಮತ್ತೆ ಎಳೆದ. ಬಿಗಿಯಾದ ಸ್ಪ್ರಿಂಗಿನೊಡನೆ ಗುದ್ದಾಡಿ, ಮೂರನೆಯ ಸಲಕ್ಕೆ ಅಲಗನ್ನು ಹೊರತೆಗೆದ. ಅಷ್ಟು ಹೊತ್ತೂ ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

"ಇದನ್ನೇ ಕೊಡಿ."

"ಬೈಸ್ಕೋತೀರಾ ನೋಡಿ. ಮೊದಲನೇದು ಇದಕ್ಕಿಂತ ಕಮ್ಮಿಗೇ ಕೊಡ್ತೀನಿ."

"ಪರವಾಗಿಲ್ಲ, ಇದೇ ಇರ್ಲಿ."

"ಅಕ್ಕಾ, ಸಾರ್ ಸಿಟ್ಟಾಗ್ತಾರೆ. ಅರ್ಜೆಂಟಿಗೆ ಇದನ್ನ ಬಿಚ್ಚೋಕೇ ಆಗಲ್ಲ."

"ಗೊತ್ತು," ಎಂದಳು ಅವಳು ತಗ್ಗಿದ ದನಿಯಲ್ಲಿ. "ಅಷ್ಟರಲ್ಲಿ ನಾನು ಮಗಳನ್ನ ಎತ್ಕೊಂಡು ಬೀದಿಗೆ ಬಂದಿರ್ತೀನಿ."