ತುಲ್ಪಾರ್‌ನ ಹೊಟ್ಟೆ

ಚರಕ್.

ನಡುರಾತ್ರಿ ಅಡುಗೆಮನೆಯಿಂದ ಬಂದ ಸದ್ದು ಅಷ್ಟೇ. ಗೌಹರ್ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದಳು. ಮತ್ತೆ ಚರಕ್. ಉಗುರಿನಿಂದ ತಗಡು ಕೆರೆದಂತೆ.

ಎದ್ದು ಹೋಗಿ ದೀಪ ಹಾಕಿದಳು. ಊಟದ ಮೇಜಿನ ಮೇಲೆ ತುಲ್ಪಾರ್ ನಿಂತಿತ್ತು. ಹಳೆಯ ಕಥೆಗಳ ರೆಕ್ಕೆಯ ಕುದುರೆಯ ಹೆಸರು ಹೊತ್ತ ಆರು ಚಕ್ರದ ರೋಬೋಟ್. ಶಾಲೆ ಬಿಟ್ಟ ಮೇಲೆ ನಡೆಯುವ ‘ಬಾಹ್ಯಾಕಾಶ ಕೂಟ’ದಲ್ಲಿ ಅವಳ ಮೂರನೇ ತರಗತಿಯ ಮಕ್ಕಳು ಮಂಗಳ ಗ್ರಹಕ್ಕೆಂದು ಕಟ್ಟಿದ್ದು. ಎರಡು ದಿನದಿಂದ ಎಡಗಡೆಯ ಚಕ್ರಗಳು ತಿರುಗುತ್ತಿರಲಿಲ್ಲ. ಕಾರಣ ಹುಡುಕಲೆಂದು ಮನೆಗೆ ತಂದಿದ್ದಳು.

ಹೊಟ್ಟೆಯ ಮುಚ್ಚಳ ಬಿಚ್ಚಿದಳು. ಮೊದಲು ಹುಳಿ ನಾತ ಮೂಗಿಗೆ ಬಡಿಯಿತು. ಆಮೇಲೆ ಜಿರಲೆಗಳು. ವೈರುಗಳ ಸಂದಿಯಿಂದ ಒಂದರ ಹಿಂದೆ ಒಂದು ಹೊರಬಿದ್ದು ಅವಳ ಮಣಿಕಟ್ಟು ಹತ್ತಿದವು. ಕೊಡವಿಕೊಂಡು ಮತ್ತೆ ಬಗ್ಗಿ ನೋಡಿದಳು. ಮೋಟಾರಿನ ಮೇಲೆ, ಬ್ಯಾಟರಿಯ ಮೂಲೆಯಲ್ಲಿ ಹಳದಿಗೆ ತಿರುಗಿದ ಬಿಳಿ ಲೋಳೆ ಕೆನೆಗಟ್ಟಿತ್ತು. ಬೆರಳಿಗೆ ನೂಲಿನಂತೆ ಎಳೆ ಬಂತು.

ಕೈ ತೊಳೆಯಲು ಬಚ್ಚಲಿಗೆ ಓಡಿದಳು.

ಇದು ತಾನಾಗಿ ಆದದ್ದಲ್ಲ. ಯಾರೋ ಸುರಿದದ್ದು.

ಶನಿವಾರ ಪ್ರಾಂತ್ಯದ ರೋಬೋಟ್ ಸ್ಪರ್ಧೆ. ಮುಖ್ಯೋಪಾಧ್ಯಾಯ ತುರ್ಸಿನ್‌ಬೆಕ್ ಸೋಮವಾರವೇ ಕೂಟದ ಕೊಠಡಿಯ ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೇಳಿದ್ದರು: “ನೋಡಮ್ಮ ಗೌಹರ್, ಅದು ಓಡಿದ್ರೆ ಕೊಠಡಿ ನಿಮ್ಮದು. ನಿಂತ್ರೆ ಕುಸ್ತಿಯವರಿಗೆ. ಅವರ ಬೆವರಾದ್ರೂ ವಾಸಿ. ನಿಮ್ಮ ಮಂಗಳ ಗ್ರಹ ಸತ್ತ ಕುರಿ ಥರ ನಾರ್ತಿದೆ.”

ಮಂಗಳವಾರದ ಆ ರಾತ್ರಿ ಅವಳು ಹತ್ತಿ, ಸ್ಪಿರಿಟ್ ಹಿಡಿದು ಕೂತು ಎಲ್ಲ ತೊಳೆದಳು. ಬುಧವಾರ ತುಲ್ಪಾರ್ ಕೊಠಡಿಯಲ್ಲಿ ಮಂಗಳದ ನೆಲವೆಂದು ಹರಡಿದ್ದ ಕೆಂಪು ಮರಳಿನಲ್ಲಿ ನೆಟ್ಟಗೆ ಓಡಿತು. ಗುರುವಾರ ಬೆಳಿಗ್ಗೆ ಮತ್ತೆ ಅದೇ ನಾತ.

ಅವಳು ಮಕ್ಕಳನ್ನು ಒಬ್ಬೊಬ್ಬರಾಗಿ ಗಮನಿಸತೊಡಗಿದಳು. ಕೆಟ್ಟವರು ಯಾರೂ ಕಾಣಲಿಲ್ಲ. ಗಗನಯಾತ್ರಿಗಳು ನೆಲಕ್ಕಿಳಿಯುವ ಬಯಲಿನ ಅಂಚಿನಲ್ಲಿ ಹುಟ್ಟಿದವರು. ಆಕಾಶದಿಂದ ಬಂದದ್ದಕ್ಕೆಲ್ಲ ಕೈಮುಗಿಯುವವರು. ಹೋದ ತಿಂಗಳು ಒಬ್ಬ ಮುದಿ ರಾಕೆಟ್ ಎಂಜಿನಿಯರ್ ಶಾಲೆಗೆ ಬಂದಿದ್ದಾಗ, ಅವರು ಅರ್ಧ ಕಚ್ಚಿ ಬಿಟ್ಟ ಬೌರ್ಸಕ್ ಎಂಬ ಕರಿದ ರೊಟ್ಟಿಗೆ ಮಕ್ಕಳೆಲ್ಲ ಮುಗಿಬಿದ್ದು ಹರಿದು ತಿಂದಿದ್ದರು. ಗೌಹರಳ ಮೇಲೂ ಅಷ್ಟೇ ಪ್ರೀತಿ. ಅವಳು ಯಾವತ್ತೂ ಅರ್ಧಕ್ಕೇ ಮರೆತುಬಿಡುವ ಹಾಲಿನ ಚಹಾದ ಬಟ್ಟಲನ್ನು ತೊಳೆಯಲು ನಾನು ತಾನೆಂದು ಜಗಳ. ಗೆಲ್ಲುತ್ತಿದ್ದವನು ದಿದಾರ್, ತಂಡದ ನಾಯಕ, ಇಸ್ತ್ರಿ ಮಾಡಿದ ಅಂಗಿಯ ಹುಡುಗ.

ಉಳಿದವಳು ಕುನ್ಸುಲು. ಮಾತು ಕಡಿಮೆ. ಅವಳ ಅಜ್ಜಿ ಸಂತೆಯಲ್ಲಿ ಕುಮಿಸ್ ಮಾರುವವಳು. ಹುಡುಗಿಯ ಕೋಟಿಗೆ ಸದಾ ಹುಳಿಬರಿಸಿದ ಕುದುರೆ ಹಾಲಿನ ವಾಸನೆ. ಗೌಹರ್ ಅವಳ ಪಕ್ಕ ನಿಂತಾಗಲೆಲ್ಲ ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುತ್ತಿದ್ದಳು.

ಗುರುವಾರ ಮಧ್ಯಾಹ್ನ ಗೌಹರ್ ಹೊತ್ತಿಗೆ ಮುಂಚೆಯೇ ಕೊಠಡಿಗೆ ಬಂದಳು. ತುಲ್ಪಾರ್‌ನ ಹೊಟ್ಟೆ ತೆರೆದಿತ್ತು. ಒಳಗೆ ಕುನ್ಸುಲುವಿನ ಕೈ. ಕೈಯಲ್ಲಿ ಒದ್ದೆ ಚಿಂದಿ; ಅದರಿಂದ ಬಿಳಿ ಲೋಳೆ ತೊಟ್ಟಿಕ್ಕುತ್ತಿತ್ತು.

“ನೀನೇನಾ!”

ಹುಡುಗಿ ಚಿಂದಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಅಷ್ಟರಲ್ಲಿ ಉಳಿದ ಮಕ್ಕಳೂ ಬಂದರು.

“ಏನಿದು ಹೊಲಸು? ಎಲ್ಲರ ಮುಂದೆ ಹೇಳು.”

“ಅದನ್ನ ಹೊಲಸು ಅನ್ನಬಾರದು ಟೀಚರ್. ಪಾಪ ಬರುತ್ತೆ.”

“ಹೌದು ಬಿಡು, ನಿಮ್ಮಜ್ಜಿ ಮಾರೋದಲ್ವಾ! ನಿನಗೆ ಹೊಲಸು ಹೇಗಾದೀತು?”

ಯಾರೂ ನಗಲಿಲ್ಲ. ದಿದಾರ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

“ಯಾಕೆ ಮಾಡಿದೆ? ಬಾಯಿಬಿಡು.”

“ಹೇಳಿದ್ರೆ ನಿಮಗೆ ಬೇಜಾರಾಗುತ್ತೆ, ಟೀಚರ್.”

ಆ ಉದ್ಧಟತನಕ್ಕೆ ಗೌಹರಳ ಮೈ ಉರಿಯಿತು. ಹುಡುಗಿಯ ಎದೆಯ ಮೇಲಿದ್ದ ‘ನೌಕೆಯ ಎಂಜಿನಿಯರ್’ ಬಿಲ್ಲೆಯನ್ನು ಬೆರಳ ತುದಿಯಿಂದ, ಮೈ ಸೋಕದಂತೆ ಕಿತ್ತಳು. ಕಾಗದದಿಂದ ಒರೆಸಿ ಇಂಜು ಎಂಬ ಹುಡುಗಿಯ ಅಂಗಿಗೆ ಚುಚ್ಚಿದಳು. ತಂಡದ ಪಟ್ಟಿಯಿಂದ ಕುನ್ಸುಲುವಿನ ಹೆಸರು ಹೊಡೆದುಹಾಕಿ, ಕಾರಣವನ್ನು ಕಪ್ಪು ಶಾಯಿಯಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟಳು. ಕುನ್ಸುಲು ಅಳಲಿಲ್ಲ. ಚಿಂದಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದಳು. ನಲ್ಲಿಯ ಬಳಿ ಗೌಹರ್ ಸೋಪು ಹಾಕಿ ಮೂರು ಸಲ ಕೈ ತೊಳೆದಳು.

ಶುಕ್ರವಾರ ಸಂಜೆ ಕೊನೆಯ ಅಭ್ಯಾಸ. ತುಲ್ಪಾರ್ ಓಡಿತು, ಆದರೆ ಎಡಕ್ಕೆ ವಾಲುತ್ತ. ಗಾಳಿಯಲ್ಲಿ ಮತ್ತೆ ಸಣ್ಣಗೆ ಹುಳಿ. ಆ ಹುಡುಗಿ ಕಿಟಕಿಯಿಂದ ನುಗ್ಗಿದಳೇ? ಗೌಹರ್ ಚಿಲಕ ನೋಡಿದಳು. ಭದ್ರವಾಗಿತ್ತು.

“ಟೀಚರ್, ಇವತ್ತು ಚಹಾ ಪೂರ್ತಿ ಕುಡೀಬೇಡಿ,” ಎಂದ ದಿದಾರ್.

“ಯಾಕೋ, ನನ್ನ ನಿದ್ದೆ ಚಿಂತೆ ನಿನಗ್ಯಾಕೆ?”

“ಸುಮ್ನೆ.”

ಅವಳು ನಕ್ಕು ಬಟ್ಟಲು ಕೆಳಗಿಟ್ಟು, ಬಸ್ಸಿನ ವಿಷಯ ವಿಚಾರಿಸಲು ಆಫೀಸಿಗೆ ಹೊರಟಳು. ಮೆಟ್ಟಿಲ ಬಳಿ ಕನ್ನಡಕ ನೆನಪಾಯಿತು. ಹಿಂದಿರುಗಿ ಬಾಗಿಲಿನ ಗಾಜಿನಲ್ಲಿ ಇಣುಕಿದವಳು ಅಲ್ಲೇ ನಿಂತಳು.

ದಿದಾರ್ ಅವಳ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಸುತ್ತ ಮಕ್ಕಳು ಮಸೀದಿಯಲ್ಲಿ ನಿಂತಷ್ಟು ಗಂಭೀರ. ಅವನು ಉಳಿದ ಚಹಾವನ್ನು ಹನಿಹನಿಯಾಗಿ ತುಲ್ಪಾರ್‌ನ ಹೊಟ್ಟೆಯೊಳಗೆ ಬಗ್ಗಿಸುತ್ತಿದ್ದ. “ಕುಡಿ ಕುದುರೆ, ಕುಡಿ. ಗೌಹರ್ ಟೀಚರ್ ಎಂಜಲು. ದೊಡ್ಡೋರು ಉಳಿಸಿದ್ದು ಕುಡಿದ್ರೆ ಅವರ ಬುದ್ಧಿ ಬರುತ್ತೆ. ಅವರದ್ದೆಲ್ಲ ನಿನಗೇ ಬರಲಿ.”

“ನಾಲ್ಕೇ ಹನಿ ಸಾಕು ಕಣೋ,” ಎಂದಳು ಇಂಜು. “ಕೆಟ್ಟು ನಿಂತೋಗುತ್ತೆ ಅಂತ ದಿನಾ ಒರೆಸ್ತಿದ್ದ ಕುನ್ಸುಲು ಈಗ ಇಲ್ಲ.”

ಹಿಂದಿನಿಂದ ಹೆಜ್ಜೆ ಸದ್ದು. ತುರ್ಸಿನ್‌ಬೆಕ್.

“ನಾತದ ಕಾಟ ಮುಗೀತಾ, ಗೌಹರ್? ಆ ಹುಡುಗೀನ ತೆಗೆದಿದ್ದು ಒಳ್ಳೇದಾಯ್ತು.”

ಬಾಯಲ್ಲಿ ಇನ್ನೂ ಚಹಾದ ರುಚಿಯಿತ್ತು. ಗೌಹರ್ ಗಾಜಿಗೆ ಬೆನ್ನು ಕೊಟ್ಟು ನಿಂತು, “ಮುಗೀತು ಸಾರ್,” ಎಂದಳು. ಕಂಡದ್ದನ್ನು ಯಾರಿಗೂ ಹೇಳಬಾರದೆಂದು ಅಷ್ಟರಲ್ಲೇ ನಿರ್ಧರಿಸಿಯಾಗಿತ್ತು, ಕುನ್ಸುಲುವಿಗೂ.